ಅಪ್ಪನ ಶೂ ಹಿಡಿದು ನಿಂತ ಭಾನುವಾರ

ನಾನು ಚಿಕ್ಕವನಿದ್ದಾಗ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆಜಿಎಫ್ ಗಣಿಯ ಹೆಡ್‌ಗೇರ್ ಹತ್ತಿದ್ದ. ಹತ್ತಿದ್ದ ಎಂದು ಬರೆದ ಕೂಡಲೇ ಕೈ ನಿಲ್ಲುತ್ತದೆ. ನಿಜವಾಗಿ ಹತ್ತಿದ್ದನೆ? ನೆನಪಿನಲ್ಲಿ ಎಲ್ಲವೂ ಇದೆ. ಆಯುಧಪೂಜೆಯ ದಿನ. ಶಾಫ್ಟ್ ಎಂಬ ಗಣಿಬಾವಿಯ ಬಾಯಿಯ ಮೇಲೆ ನಿಂತ ಎತ್ತರದ ಕಬ್ಬಿಣದ ಗೋಪುರ, ಅದರ ತುದಿಯಲ್ಲಿ ಆಳುಗಳನ್ನು ಇಳಿಸುವ ಕೇಜಿನ ಹಗ್ಗ ಓಡುವ ಎರಡು ದೊಡ್ಡ ಚಕ್ರ, ಚಕ್ರಗಳಿಗೆ ಸುತ್ತಿದ ಸೇವಂತಿಗೆ ಹಾರ. ಒಂದೊಂದೇ ಮೆಟ್ಟಿಲು ಏರುವ ಅಪ್ಪನ ಉಸಿರು. ಗ್ರೀಸಿನ ವಾಸನೆ. ದೂರದಲ್ಲಿ ಚಿನ್ನ ತೆಗೆದುಳಿದ ಮಣ್ಣಿನ ಬಿಳಿಚಿಕೊಂಡ ಸೈನೈಡ್ ದಿಬ್ಬ. ಕೆಳಗೆ ಅಪ್ಪನ ಚಪ್ಪಲಿ ಕೈಯಲ್ಲಿ ಹಿಡಿದು, ತಲೆ ಎತ್ತಿ ನಮ್ಮನ್ನೇ ನೋಡುತ್ತಿರುವ ಅಮ್ಮ. ಇಷ್ಟೊಂದು ಸ್ಪಷ್ಟವಾಗಿರುವುದರಿಂದಲೇ ಅನುಮಾನ.

ಅನುಮಾನ ಪಡುವುದು ನನ್ನ ಕಸುಬು ಕೂಡ. ಅಟ್ಲಾಂಟಾದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆರೋಗ್ಯ ಸಮೀಕ್ಷೆಗಳ ಉತ್ತರಗಳನ್ನು ಜಾಲಾಡಿದವನು ನಾನು. ಕಳೆದ ತಿಂಗಳು ಏನು ತಿಂದಿರಿ, ಎಷ್ಟು ನಡೆದಿರಿ ಎಂದು ಕೇಳಿದರೆ ಜನ ಬಹಳ ಭರವಸೆಯಿಂದ ತಪ್ಪು ಹೇಳುತ್ತಾರೆ. ಸುಳ್ಳು ಹೇಳುವುದಿಲ್ಲ, ತಪ್ಪು ಹೇಳುತ್ತಾರೆ. ವಿವರ ಹೆಚ್ಚಿದ್ದಷ್ಟೂ ನಿಜ ಹೆಚ್ಚು ಎಂದುಕೊಳ್ಳಬಾರದು ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನೇ ಹೇಳಿಕೊಟ್ಟಿದ್ದೇನೆ.

2019ರ ಬೇಸಿಗೆಯಲ್ಲಿ ಅಟ್ಲಾಂಟಾ ಹತ್ತಿರದ ಕಮ್ಮಿಂಗ್‌ನ ಮನೆ ಮಾರಿ ವಾಷಿಂಗ್ಟನ್ ಕಡೆಗೆ ಹೊರಟಿದ್ದೆವು. ಸಾಮಾನಿನ ಟ್ರಕ್ಕು ಮುಂದೆ ಹೋಗಿತ್ತು. ಹೆಂಡತಿ ಮಕ್ಕಳು ವಿಮಾನದಲ್ಲಿ ಹೋಗಿದ್ದರು. ನಾನೊಬ್ಬನೇ ಕಾರಿನಲ್ಲಿದ್ದೆ. ಉತ್ತರ ಕೆರೊಲಿನಾ ದಾಟುವಾಗ ಹೆದ್ದಾರಿ ಬಿಟ್ಟು ಒಳರಸ್ತೆಗೆ ಇಳಿದೆ. ಯಾಕೆ ಎಂದು ಕೇಳಿದ್ದರೆ ಪೆಟ್ರೋಲ್ ಎನ್ನುತ್ತಿದ್ದೆ. ಪೈನ್ ಮರಗಳ ನಡುವೆ, ಹಿಂದೊಮ್ಮೆ ನೋಡಿದ್ದ ಹಳೆಯ ಕಲ್ಲಿದ್ದಲು ಗಣಿಯ ಗೋಪುರ ಮೊದಲಿನ ಹಾಗೆಯೇ ನಿಂತಿತ್ತು. ಹೊಸದಾಗಿ ಬಣ್ಣ ಕಂಡಿತ್ತು. ಕಾರಿನ ಬಾಗಿಲು ತೆಗೆದದ್ದೇ ಬಿಸಿಲಿಗೆ ಕಾದ ಕಬ್ಬಿಣದ ಮತ್ತು ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು. ಜೊತೆಗೇ 2013ರ ಆ ಶರತ್ಕಾಲವೂ ಬಂತು. ಬಂದದ್ದು ಅಪ್ಪನ ಮೇಲಿನ ಪ್ರೀತಿಯಾಗಿ ಅಲ್ಲ. ಹೊಟ್ಟೆಕಿಚ್ಚಾಗಿ. ಅದು ಒಂದು ಚೂರೂ ಹಳೆಯದಾಗಿರಲಿಲ್ಲ.

ಆ ವರ್ಷ ಆಗಸ್ಟಿನಲ್ಲಿ ಅಪ್ಪ ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಬಂದಿದ್ದ. ಮೊದಲು ಉತ್ತರ ಕೆರೊಲಿನಾದ ಮಾರಿಸ್‌ವಿಲ್‌ನಲ್ಲಿ ನನ್ನ ಒಡಹುಟ್ಟಿದ ಲತಕ್ಕನ ಮನೆ, ಆಮೇಲೆ ನನ್ನ ಮನೆ ಎಂದು ಮಾತಾಗಿತ್ತು. ಕೆಜಿಎಫ್‌ನಲ್ಲಿ ಅಪ್ಪನದು ಶಾಫ್ಟಿನ ಬಾಯಿಯಲ್ಲಿ ನಿಂತು ಕೇಜಿನ ಗೇಟು ಹಾಕಿ, ಆಳುಗಳನ್ನು ಎಣಿಸಿ ಕೆಳಗೆ ಬಿಡುವ ಕೆಲಸ. ಆ ಕೆಲಸದ ಬಗ್ಗೆ ಮನೆಯಲ್ಲಿ ಒಂದು ಮಾತೂ ಆಡಿದವನಲ್ಲ. ಶಾಲೆಯಲ್ಲಿ ತಂದೆಯ ಉದ್ಯೋಗ ಕೇಳಿದರೆ "ಮೈನ್ಸ್ ಅಂತ ಬರಿ, ಸಾಕು" ಎನ್ನುತ್ತಿದ್ದ. ಗಣಿ ಮುಚ್ಚಿದ ಮೇಲೆ ಅದೂ ನಿಂತಿತು. ನಾನು ಹಾಸ್ಟೆಲಿನಲ್ಲಿ ಬೆಳೆದೆ, ಓದಿದೆ, ಇಲ್ಲಿಗೆ ಬಂದೆ. ಹೆಗಲ ಮೇಲಿನ ಆ ಒಂದು ಸವಾರಿ ಬಿಟ್ಟರೆ ಅಪ್ಪನಿಂದ ನನಗೆ ಬಂದದ್ದು ಹೆಸರಿನ ಮುಂದಿನ ಇನಿಶಿಯಲ್ಲು ಮಾತ್ರ.

ಲತಕ್ಕನ ಗಂಡ ಗಿರೀಶ ಭಾವ ಧಾರವಾಡದವರು. ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಔಷಧ ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಯಾರನ್ನು ಕಂಡರೂ ಐದು ನಿಮಿಷದಲ್ಲಿ ಅವರ ಊರು, ಕುಲ, ಮಂಡಿನೋವು ಎಲ್ಲ ತಿಳಿದುಕೊಳ್ಳುವ ಮನುಷ್ಯ. ಮಾರಿಸ್‌ವಿಲ್‌ನಲ್ಲಿ ಕಾರಿಲ್ಲದೆ ಕಾಲು ಕದಲಿಸುವಂತಿಲ್ಲ. ಅಪ್ಪ ದೇವಸ್ಥಾನ ನೋಡಿದ, ಕ್ರಿಕೆಟ್ ಮೈದಾನದ ಬೆಂಚಿನ ಮೇಲೆ ಕೂತ, ಎರಡೇ ವಾರದಲ್ಲಿ ಸೊರಗಿದ. ಆಗ ಭಾವ ಅವನನ್ನು ಒಂದು ಗಂಟೆ ದೂರದ ಈ ಗೋಪುರಕ್ಕೆ ಕರೆದುಕೊಂಡು ಹೋದರು. ಉತ್ತರ ಕೆರೊಲಿನಾದಲ್ಲಿ ಕಲ್ಲಿದ್ದಲು ತೆಗೆಯುತ್ತಿದ್ದರು ಎಂಬುದು ಅಲ್ಲಿ ಹುಟ್ಟಿದವರಿಗೇ ಸರಿಯಾಗಿ ಗೊತ್ತಿಲ್ಲ. ಗಣಿ ಎಂದೋ ಮುಚ್ಚಿ, ಬಾವಿಗೆ ಕಾಂಕ್ರೀಟು ಹಾಕಿ, ಮೇಲಿನ ಗೋಪುರವೊಂದೇ ಉಳಿದಿತ್ತು. ಊರಿನ ಕೆಲವರು ಸೇರಿ ಅದನ್ನು ಪರಂಪರೆಯ ಸ್ಮಾರಕವಾಗಿ ಉಳಿಸಿಕೊಂಡಿದ್ದರು. ನೋಡಲು ಬರುವವರಿಗೆಂದು ಅರ್ಧ ಎತ್ತರದವರೆಗೆ ಹೊಸ ಮೆಟ್ಟಿಲು ಕಟ್ಟಿದ್ದರು. ಪ್ರತಿ ಶನಿವಾರ ತುಕ್ಕು ಕೆರೆದು ಬಣ್ಣ ಬಳಿಯಲು ಸ್ವಯಂಸೇವಕರು ಸೇರುತ್ತಿದ್ದರು. ಅವರ ಮುಖ್ಯಸ್ಥೆ ಡಾಟ್ ಎಂಬ ನಿವೃತ್ತ ಶಿಕ್ಷಕಿ.

ಲತಕ್ಕ ಭಾನುವಾರ ಫೋನ್ ಮಾಡಿದಳು.

"ಅಪ್ಪ ಅಲ್ಲಿ ಮಾತಾಡ್ತಾನೇ ಇದ್ದನಂತೆ ಕಣೋ. ನಿನ್ನ ಭಾವ ಟ್ರಾನ್ಸ್‌ಲೇಟ್ ಮಾಡಿ ಮಾಡಿ ಗಂಟಲು ಕಟ್ಟಿಸ್ಕೊಂಡು ಬಂದಿದ್ದಾರೆ."

"ಏನು ಮಾತಾಡಿದ?"

"ಮೈನ್ಸ್ ಬಗ್ಗೆ. ನಿನ್ನ ಭಾವನ್ನೇ ಕೇಳು, ಕೊಡ್ಲಾ ಫೋನು?"

ಬೇಡ ಎಂದೆ. ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ. ಒಂದು ವಾರ ಲತಕ್ಕನ ಮಗಳು ಅನುಷಾ ಫೋನ್ ಎತ್ತಿಕೊಂಡು, "ಮಾಮಾ, ತಾತಾ ಇಸ್ ಲೈಕ್ ಫೇಮಸ್ ದೇರ್" ಎಂದಳು. ಅಪ್ಪ ಅಳಿಯನಿಗೆ ಹೇಳಿದ್ದು ಲತಕ್ಕನ ಮೂಲಕ ಚೂರುಪಾರು ನನಗೆ ಬರುತ್ತಿತ್ತು. ಯಾರದೋ ಊಟದ ಡಬ್ಬಿ ಕೇಜಿನಲ್ಲೇ ದಿನವಿಡೀ ಮೇಲೆ ಕೆಳಗೆ ಓಡಾಡಿದ್ದು, ಪೊಂಗಲ್ಲಿನ ಮಾರನೇ ದಿನ ಕುಡಿದದ್ದು ಇಳಿಯದೆ ಯಾರೂ ಸರಿಯಾಗಿ ನಿಲ್ಲಲಾರದೆ ಇದ್ದದ್ದು. ನಾನು ಅವನ್ನು ಕೇಳಿಸಿಕೊಂಡು ಸುಮ್ಮನಿರುತ್ತಿರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಿದ್ದೆ. ಹೊಂದದ ವಿವರ ಸಿಕ್ಕರೆ ಲತಕ್ಕನಿಗೆ ಫೋನ್ ಮಾಡಿ, "ಅದು ಹಾಗಿರೋಕೆ ಸಾಧ್ಯವೇ ಇಲ್ಲ, ಭಾವನಿಗೆ ಹೇಳು" ಎನ್ನುತ್ತಿದ್ದೆ. ಅವಳು ಹೇಳುತ್ತಿದ್ದಳೋ ಇಲ್ಲವೋ.

ಅಕ್ಟೋಬರಿನಲ್ಲಿ ಬಜೆಟ್ ಜಗಳದಿಂದ ಫೆಡರಲ್ ಸರ್ಕಾರದ ಕಚೇರಿಗಳು ಬಾಗಿಲು ಹಾಕಿದವು. ಅದರ ಗುತ್ತಿಗೆಯ ಮೇಲೆ ನಡೆಯುತ್ತಿದ್ದ ನಮ್ಮ ಕೆಲಸವೂ ನಿಂತಿತು. ಹೆಂಡತಿಗೆ ರಜೆ ಇರಲಿಲ್ಲ. ದಸರಾ ಹಬ್ಬಕ್ಕೆ ಬರುತ್ತೇನೆಂದು ಲತಕ್ಕನಿಗೆ ಹೇಳಿ ನಾನೊಬ್ಬನೇ ಹೊರಟೆ. ಆ ವಾರವೆಲ್ಲ ಜಿಟಿಜಿಟಿ ಮಳೆ. ದಾರಿಯುದ್ದಕ್ಕೂ ಲಾರಿಗಳು ಎರಚುವ ನೀರಿನಲ್ಲಿ ವೈಪರ್ ಹಾಕಿಕೊಂಡು, ಅಪ್ಪನನ್ನು ಏನೇನು ಕೇಳಬೇಕು ಎಂದು ಲೆಕ್ಕ ಹಾಕುತ್ತ ಹೋದೆ.

ಮನೆ ಹೊಕ್ಕಾಗ ಅಪ್ಪ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಮೆಣಸಿನ ಪುಡಿಯ ಡಬ್ಬಿ, ಒಂದು ಸ್ಟೀಲ್ ಲೋಟ ಜೋಡಿಸಿದ್ದ. ಲೋಟಕ್ಕೆ ದಾರ ಕಟ್ಟಿ ಮೇಜಿನಿಂದ ಕೆಳಗೆ ಇಳಿಬಿಟ್ಟಿದ್ದ. ಅದು ಕೇಜು. ದಾರದ ಇನ್ನೊಂದು ತುದಿ ಭಾವನ ಕೈಯಲ್ಲಿತ್ತು. ಅನುಷಾ ನಗುತ್ತಿದ್ದಳು. ಅಪ್ಪ ನನ್ನನ್ನು ನೋಡಿ ಲೋಟ ಎತ್ತಿಟ್ಟ.

"ಬಂದ್ಯಾ. ಊಟ ಮಾಡು."

"ಏನು ಹೇಳ್ತಿದ್ದೆ ಅಪ್ಪ?"

"ಏನಿಲ್ಲ. ಅಳಿಯಂದ್ರು ಕೇಳಿದ್ರು, ಹೇಳ್ತಿದ್ದೆ."

"ನಾನೂ ಕೇಳಿದ್ದೆನಲ್ಲ."

"ನೀನ್ ಯಾವಾಗ ಕೇಳ್ದೆ?" ಎಂದ. ಕೊಂಕಿರಲಿಲ್ಲ, ನಿಜವಾಗಿಯೂ ತಿಳಿಯಲೆಂದೇ ಕೇಳಿದ.

ನಾನು ಎಷ್ಟೋ ಸಲ ಕೇಳಿದ್ದೇನೆ ಎಂದು ಖಚಿತವಾಗಿತ್ತು. ಒಂದು ಸಲವನ್ನಾದರೂ ಹೇಳೋಣವೆಂದರೆ ಒಂದೂ ನೆನಪಾಗಲಿಲ್ಲ. ಭಾವ ನಡುವೆ ಬಾಯಿ ಹಾಕಿದರು. "ಬಾರಪಾ ನಾಗೇಶ, ಕೂಡು. ಮಾವಾರು ಇನ್ನ ಶುರು ಮಾಡ್ಯಾರ. ಮತ್ತ ಮೊದಲಿಂದ ಹೇಳ್ತಾರ." ಅಪ್ಪ ಮತ್ತೆ ಮೊದಲಿಂದ ಹೇಳಲಿಲ್ಲ. ಟಿವಿ ಹಾಕಿಕೊಂಡ.

ಅಡುಗೆಮನೆಯಲ್ಲಿ ಲತಕ್ಕ ನನಗೆ ಸಾರು ಬಡಿಸುತ್ತ, "ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀಯ?" ಎಂದಳು.

"ಮೂವತ್ತು ವರ್ಷ ನಮಗೆ ಹೇಳದೆ ಇದ್ದದ್ದನ್ನ ಭಾವನಿಗೆ ಹೇಳ್ತಾನೆ."

"ನೀನು ಕೇಳೋದು ಪೊಲೀಸ್ನೋರ ಥರ ಕಣೋ. ಅಪ್ಪ ಒಂದು ಮಾತು ಶುರು ಮಾಡಿದ್ರೆ ಯಾವ ಇಸವಿ, ಯಾರು ಹೇಳಿದ್ದು, ನೀನು ನೋಡಿದ್ಯಾ ಅಂತೀಯ. ಇವರು ಹೂಂ ಅಂತಾರೆ. ಸುಳ್ಳು ಹೇಳಿದ್ರೂ ಹೂಂ ಅಂತಾರೆ."

"ಅದೇ ಹೇಳ್ತಿರೋದು ನಾನು. ಏನು ಹೇಳಿದ್ರೂ ನಂಬ್ತಾರೆ."

"ನಂಬಿದ್ರೆ ಏನು ಹೋಯ್ತು ನಿಂಗೆ? ಸಾರು ಸಾಕಾ?"

ಅಪ್ಪ ಭಾವನಿಗೆ ಆಯುಧಪೂಜೆಯ ಕತೆಯನ್ನೂ ಹೇಳಿದ್ದ. ಕೆಜಿಎಫ್‌ನಲ್ಲಿ ಆ ದಿನ ಚಕ್ರ ನಿಲ್ಲಿಸಿ, ಹೆಡ್‌ಗೇರಿಗೆ ಬಾಳೆಕಂಬ ಕಟ್ಟಿ, ಹೂವು ಹಾಕಿ, ಕುಂಬಳಕಾಯಿ ಒಡೆಯುತ್ತಿದ್ದರು. ಮನೆಯವರು ಮಕ್ಕಳು ಒಳಗೆ ಬರಬಹುದಾದದ್ದು ಅದೊಂದೇ ದಿನ. ಭಾವನಿಗೆ ಅಷ್ಟು ಸಾಕಾಯಿತು. ಡಾಟ್‌ಗೆ ಫೋನ್ ಮಾಡಿ ಒಪ್ಪಿಸಿದರು. ಭಾನುವಾರ ಬೆಳಿಗ್ಗೆ ನಾವೆಲ್ಲ ಭಾವನ ವ್ಯಾನಿನಲ್ಲಿ ಗೋಪುರಕ್ಕೆ ಹೊರಟೆವು. ಅಪ್ಪ ಮುಂದಿನ ಸೀಟಿನಲ್ಲಿ ಭಾವನ ಪಕ್ಕ ಕೂತಿದ್ದ. ಭಾವ ಕೊಡಿಸಿದ ಬಿಳಿ ಸ್ಪೋರ್ಟ್ಸ್ ಶೂ ಹಾಕಿಕೊಂಡಿದ್ದ. ನಾನು ಹಿಂದುಗಡೆ ಸೇವಂತಿಗೆ ಕುಂಡಗಳ ನಡುವೆ. ಆ ತಿಂಗಳು ಅಲ್ಲಿ ಎಲ್ಲ ಅಂಗಡಿಗಳ ಮುಂದೆ ಸೇವಂತಿಗೆ ಕುಂಡ ಮಾರುತ್ತಾರೆ, ಆದ್ದರಿಂದ ಹೂವಿಗೆ ಬರವಿರಲಿಲ್ಲ. ಬೂದುಗುಂಬಳ ಮಾತ್ರ ಇಂಡಿಯನ್ ಸ್ಟೋರಿನಲ್ಲಿ ಹೋಳು ಮಾಡಿದ್ದಷ್ಟೇ ಸಿಕ್ಕಿತ್ತು. ಭಾವ ರಸ್ತೆಬದಿಯ ತೋಟದಿಂದ ದೊಡ್ಡ ಕಿತ್ತಳೆ ಬಣ್ಣದ ಕುಂಬಳ ತಂದಿದ್ದರು.

"ಇದ ನಡೀತದಲ್ರಿ ಮಾವಾರ?"

"ಕುಂಬಳ ಅಂದ್ರೆ ಕುಂಬಳಾನೇ ಅಳಿಯಂದ್ರೇ. ದೇವ್ರೇನು ಬಣ್ಣ ನೋಡ್ತಾನಾ."

ಡಾಟ್ ನಮಗಾಗಿ ಕಾಯುತ್ತಿದ್ದಳು. ಅಪ್ಪನಿಗೆ ಹಳದಿ ಹೆಲ್ಮೆಟ್ ಕೊಟ್ಟು, ಅವನ ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದಳು. ಅಪ್ಪ "ಯೆಸ್ ಮೇಡಂ, ಯೆಸ್ ಮೇಡಂ" ಎಂದ. ನನ್ನನ್ನು ಪರಿಚಯಿಸಿದಾಗ ಅವಳು, "ಓ, ಗಿರೀಶನ ಬಾಮೈದನಾ" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಇವರ ಮಗ ಎಂದು ಬಿಡಿಸಿ ಹೇಳಬೇಕಾಯಿತು.

ಗೋಪುರದ ನಾಲ್ಕೂ ಕಾಲಿಗೆ ವಿಭೂತಿ, ಕುಂಕುಮ. ಹೂವು. ಅಪ್ಪ ಮಂತ್ರವೇನೂ ಹೇಳಲಿಲ್ಲ, ಕಣ್ಣು ಮುಚ್ಚಿ ಕಬ್ಬಿಣದ ಮೇಲೆ ಅಂಗೈ ಇಟ್ಟು ನಿಂತ. ಭಾವ ಕರ್ಪೂರ ಹಚ್ಚಿದಾಗ ಡಾಟ್ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಭಕ್ತಿಯಲ್ಲಿ ನಮಗಿಂತ ಅವಳೇ ಒಂದು ಕೈ ಮೇಲು. ಕುಂಬಳ ಒಡೆದು ಕೆಂಪು ನೀರು ಚೆಲ್ಲಿದ್ದನ್ನು ನಾಯಿ ಹಿಡಿದು ಹೋಗುತ್ತಿದ್ದ ದಂಪತಿಗಳು ನೋಡಿ, ಹ್ಯಾಲೋವೀನ್ ಹಬ್ಬದ ಅಲಂಕಾರ ಚೆನ್ನಾಗಿದೆ ಎಂದು ಹೊಗಳಿ ಮುಂದೆ ಹೋದರು. ಅಪ್ಪ ಕೂಡ ನಕ್ಕ. ನಾನೂ ನಕ್ಕೆ. ಆ ದಿನ ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಪ್ರಸಾದದ ಬಾಳೆಹಣ್ಣು ತಿನ್ನುತ್ತ ಅಪ್ಪ ಭಾವನಿಗೆ ಹೇಳಿದ. "ಇಂಗೇ ಒಂದು ಆಯುಧಪೂಜೆ ದಿನ. ಮಗೂನ ಹೆಗಲ ಮೇಲೆ ಕೂರಿಸ್ಕೊಂಡು ಹೆಡ್‌ಗೇರ್ ತುದಿಗಂಟ ಹತ್ತಿದ್ದೆ. ಚಕ್ರಕ್ಕೆ ಹೂವು ಹಾಕ್ಸಿದ್ದೆ ಅದರ ಕೈಲಿ."

ನಾನು ಬಾಳೆಹಣ್ಣು ಬಿಟ್ಟು ಹತ್ತಿರ ಸರಿದೆ. ಕೊನೆಗೂ ಬಂತು ಎನಿಸಿತು, ಭಾವನಿಗೆ ಹೇಳಿದ್ದಾದರೂ ಅಡ್ಡಿಯಿಲ್ಲ.

"ಯಾರನ್ರಿ, ನಾಗೇಶನ್ನ?" ಎಂದರು ಭಾವ.

"ಅಯ್ಯ, ಇವನೆಲ್ಲಿ. ಲತಾನ."

"ಅಪ್ಪ, ಅದು ನಾನು," ಎಂದೆ. ದನಿ ನನಗೇ ಗೊತ್ತಾಗದಂತೆ ಏರಿತ್ತು. "ಅಮ್ಮ ಕೆಳಗೆ ನಿನ್ನ ಚಪ್ಪಲಿ ಹಿಡ್ಕೊಂಡಿದ್ಲು. ನಂಗೆ ಚೆನ್ನಾಗಿ ನೆನಪಿದೆ."

"ನೀನು ಸೈರನ್ ಕೂಗಿದ್ರೇ ಮಂಚದ ಕೆಳಗೆ ನುಗ್ತಿದ್ದೆ. ನಿನ್ನ ಕರ್ಕೊಂಡೋಗಿದ್ರೆ ನನ್ನ ತಲೆಗೂದಲು ಉಳೀತಿರಲಿಲ್ಲ." ಎಲ್ಲರೂ ನಕ್ಕರು. ಭಾವ ಅದನ್ನು ಡಾಟ್‌ಗೆ ಇಂಗ್ಲಿಷಿನಲ್ಲಿ ಹೇಳಿದರು. ಅವಳೂ ನಕ್ಕಳು.

ನಾನು ಲತಕ್ಕನ ಕಡೆ ತಿರುಗಿದೆ. ಅವಳು ಬಾಳೆಹಣ್ಣಿನ ಸಿಪ್ಪೆಗಳನ್ನು ಕವರಿಗೆ ತುಂಬುತ್ತಿದ್ದಳು.

"ನಂಗೇನೂ ನೆನಪಿಲ್ಲ ಕಣೋ," ಎಂದಳು. "ನಿಂಗೆ ಅಷ್ಟು ಬೇಕಿದ್ರೆ ನೀನೇ ಇಟ್ಕೋ."

ಅವಳು ಕೊಟ್ಟದ್ದು ಮನಸಾರೆಯೇ. ಅದು ಇನ್ನೂ ಉರಿಸಿತು. ನಾನು ಜನ್ಮವಿಡೀ ಜೋಪಾನ ಮಾಡಿದ್ದು ಅವಳದಂತೆ, ಅವಳಿಗೆ ಅದರ ನೆನಪೇ ಇಲ್ಲವಂತೆ, ಉಳಿದ ಪಲ್ಯದ ಹಾಗೆ ನನಗೆ ಕಟ್ಟಿಕೊಡುತ್ತಿದ್ದಾಳೆ.

ಆಗ ಡಾಟ್ ಮೆಟ್ಟಿಲಿನ ಸರಪಳಿಯ ಬೀಗ ತೆಗೆದಳು. ಅರ್ಧ ಎತ್ತರದಲ್ಲಿ ನಿಂತು ನೋಡಲು ಸುತ್ತ ಕಂಬಿ ಹಾಕಿದ ಒಂದು ಕಟ್ಟೆ ಇತ್ತು. ಮಳೆಯಿಂದ ಒದ್ದೆಯಾಗಿದೆ, ಒಮ್ಮೆಗೆ ಇಬ್ಬರೇ ಹೋಗಬೇಕು ಎಂದಳು. ನಾನು ಮುಂದೆ ಬಂದೆ. ಅಪ್ಪ ಕೆಳಗಿನ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುತ್ತಿದ್ದ. ಪೂಜೆಯಾದ ಹೆಡ್‌ಗೇರನ್ನು ಮೆಟ್ಟು ಹಾಕಿಕೊಂಡು ಹತ್ತಬಾರದಂತೆ. ಬಿಚ್ಚಿ ಎದ್ದು ನಿಂತು ಎರಡೂ ಶೂ ನನ್ನ ಕೈಗಿಟ್ಟ.

"ಇಟ್ಕೋ," ಎಂದ. "ಬನ್ನಿ ಅಳಿಯಂದ್ರೇ."

ಅವರಿಬ್ಬರೂ ಹತ್ತಿದರು. ಭಾವ ಒಂದು ಕೈ ಅಪ್ಪನ ಬೆನ್ನಿಗೆ ಕೊಟ್ಟಿದ್ದರು. ನಾನು ಕೆಳಗೆ ಒದ್ದೆ ಪೈನ್ ಎಲೆಗಳ ಮೇಲೆ ಅಪ್ಪನ ಬಿಳಿ ಶೂ ಹಿಡಿದು ನಿಂತೆ. ಕಟ್ಟೆ ಮುಟ್ಟಿದ ಮೇಲೆ ಅಪ್ಪ ಎರಡೂ ಕೈಯಲ್ಲಿ ಕಂಬಿ ಹಿಡಿದು ಮುಂದಕ್ಕೇ ನೋಡುತ್ತ ನಿಂತ. ಮೊಣಕಾಲು ನಡುಗುತ್ತಿದ್ದದ್ದು ಕೆಳಗಿನಿಂದಲೂ ಕಾಣುತ್ತಿತ್ತು. ವಯಸ್ಸು, ಎಂದುಕೊಂಡೆ. ಅವನು ಏನೋ ಹೇಳಿದ, ಭಾವ ತಲೆಯಾಡಿಸಿದರು. ಏನು ಹೇಳಿದ ಎಂದು ತಿಳಿಯಲು ನಾನು ಆ ಕ್ಷಣ ಏನು ಬೇಕಾದರೂ ಕೊಡುತ್ತಿದ್ದೆ.

ಆಮೇಲೆ ಅಪ್ಪ ಕೂಗಿದ. "ನಾಗೂ, ಶೂ ಇದ್ಯೇನೋ?" ಕೂಗುವಾಗಲೂ ಕೆಳಗೆ ನೋಡಲಿಲ್ಲ.

"ಇದೆ," ಎಂದೆ.

ನನ್ನ ಸರದಿ ಬರುವ ಹೊತ್ತಿಗೆ ಮತ್ತೆ ಮಳೆ ಹಿಡಿಯಿತು. ಡಾಟ್ ಸರಪಳಿ ಹಾಕಿದಳು.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಮೇಲೆ ಅಪ್ಪ ಕಮ್ಮಿಂಗ್‌ಗೆ ಬಂದ. ನಾನು ಇಸವಿ ಕೇಳಬಾರದು ಎಂದು ಗಟ್ಟಿ ಮಾಡಿಕೊಂಡೇ ಪಕ್ಕದಲ್ಲಿ ಕೂರುತ್ತಿದ್ದೆ. ಅವನು ಮಾತಾಡಲಿಲ್ಲ. ಒಂದು ದಿನ ಬೆಟ್ಟ ಕೆರೆ ತೋರಿಸಲು ದೂರ ಕರೆದುಕೊಂಡು ಹೋದೆ. ಎಲ್ಲ ನೋಡಿ, ಕಾರು ಹತ್ತಿ ಬೆಲ್ಟ್ ಹಾಕಿಕೊಂಡು, "ಅಳಿಯಂದ್ರು ಇದ್ದಿದ್ರೆ ಚೆನ್ನಾಗಿರ್ತಿತ್ತು" ಎಂದ. 2017ರಲ್ಲಿ ಬೆಂಗಳೂರಿನಲ್ಲಿ ಅಪ್ಪ ತೀರಿಕೊಂಡಾಗ, ವೈಕುಂಠ ಸಮಾರಾಧನೆಯ ದಿನ ಊಟವಾದ ಮೇಲೆ ಭಾವ ನೆಂಟರ ನಡುವೆ ಕೂತು ಅಪ್ಪನ ಗಣಿಯ ಕತೆಗಳನ್ನು ಹೇಳಿದರು. ಚೆನ್ನಾಗಿಯೇ ಹೇಳಿದರು. ನನ್ನ ಅಪ್ಪನ ಕತೆಯನ್ನು ನಾನು ಬಂದ ನೆಂಟರ ಜೊತೆ ಕುರ್ಚಿ ಎಳೆದುಕೊಂಡು ಕೇಳಿದೆ.

ಇದೆಲ್ಲ 2019ರ ಆ ಬೇಸಿಗೆಯ ಮಧ್ಯಾಹ್ನ ಗೋಪುರದ ಕೆಳಗೆ ನಿಂತಾಗ ಮತ್ತೆ ಎದ್ದು ಬಂತು. ವಾಷಿಂಗ್ಟನ್ ತಲುಪಿದ ಮೇಲೆ ಹೆಂಡತಿಯನ್ನು ಕೇಳಿದೆ. ಹೆಗಲ ಮೇಲೆ ಕೂತು ಹತ್ತಿದ್ದನ್ನು ನಾನು ನಿನಗೆ ಯಾವಾಗ ಹೇಳಿದ್ದೆ? ಅವಳು ಯೋಚಿಸಿ, "ಮಾರಿಸ್‌ವಿಲ್‌ನಿಂದ ವಾಪಸ್ ಬಂದ್ಮೇಲೆ ಅನ್ಸುತ್ತೆ. ಅದಕ್ಕೆ ಮುಂಚೆ ಹೇಳಿದ್ರಾ? ಗೊತ್ತಿಲ್ಲಪ್ಪ" ಎಂದಳು. ಅಂದರೆ ಅಪ್ಪನ ಕತೆ ಕೇಳಿದ ಮೇಲೆ ನನ್ನ ನೆನಪು ಹುಟ್ಟಿತೋ, ಮೊದಲೇ ಇತ್ತೋ, ಅದಕ್ಕೂ ಸಾಕ್ಷಿಯಿಲ್ಲ.

ಅದೇ ವರ್ಷ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋದಾಗ ಕೆಜಿಎಫ್‌ಗೆ ಹೋದೆ. ಅಪ್ಪನ ಜೊತೆ ಅದೇ ಶಾಫ್ಟಿನಲ್ಲಿದ್ದ ಖಾದರ್ ಅಂಕಲ್ ನನ್ನ ಜೊತೆ ಬಂದರು. ಬೇಲಿಯ ಆಚೆ ಜಾಲಿಗಿಡಗಳ ನಡುವೆ ಹೆಡ್‌ಗೇರ್ ನಿಂತಿತ್ತು. ಕಾವಲುಗಾರ ಖಾದರ್ ಅಂಕಲ್‌ನ ಪರಿಚಯದವನು, ಬುಡದವರೆಗೆ ಬಿಟ್ಟ. ನಾನು ಸುತ್ತ ನೋಡಿದೆ.

"ಅಂಕಲ್, ಮೆಟ್ಟಿಲು ಎಲ್ಲಿತ್ತು?"

"ಮೆಟ್ಲಾ? ಮೆಟ್ಲು ಯಾವತ್ತಿತ್ತು ಬೇಟಾ. ಇದೇ ಏಣಿ. ಗ್ರೀಸ್ ಹಾಕೋರು ಹತ್ತೋರು."

ನೆಟ್ಟಗೆ ಮೇಲೇರಿದ ಕಬ್ಬಿಣದ ಏಣಿ. ಅದರ ಸುತ್ತ, ಹತ್ತುವವನು ಹಿಂದಕ್ಕೆ ಬೀಳದಂತೆ, ಬಳೆಗಳಂತೆ ಕಬ್ಬಿಣದ ಪಟ್ಟಿ. ಒಬ್ಬನ ಮೈ ಹಿಡಿಸುವಷ್ಟೇ ಜಾಗ.

"ಅಪ್ಪ ಲತಕ್ಕನ್ನ ಹೆಗಲ ಮೇಲೆ ಕೂರಿಸ್ಕೊಂಡು ಹತ್ತಿದ್ದನಂತೆ."

ಖಾದರ್ ಅಂಕಲ್ ಏಣಿಯನ್ನೂ ನನ್ನನ್ನೂ ನೋಡಿದರು. "ನಿಮ್ಮಪ್ಪಾನಾ? ಅವನಿಗೆ ಎತ್ತರ ಕಂಡ್ರೆ ಆಗ್ತಾನೇ ಇರಲಿಲ್ಲ. ನಾವೆಲ್ಲ ಗೇಲಿ ಮಾಡ್ತಿದ್ವಿ. ಕೆಳಗೆ ಬಾವಿ ಬಾಯಲ್ಲಿ ದಿನಾ ನಿಲ್ತಾನೆ, ಮೇಲೆ ಹತ್ತು ಅಂದ್ರೆ ಬೀಡಿ ಹಚ್ತಾನೆ ಅಂತ."

ವಾಪಸ್ ಬರುವ ದಾರಿಯಲ್ಲಿ ಭಾವನಿಗೆ ಫೋನ್ ಮಾಡಿದೆ. ಆ ದಿನ ಕಟ್ಟೆಯ ಮೇಲೆ ಅಪ್ಪ ಏನು ಹೇಳಿದ ಎಂದು ಆರು ವರ್ಷದ ಮೇಲೆ ಕೇಳಿದೆ.

"ಮಾವಾರು ನಡುಗಾಕತ್ತಿದ್ರಲೋ," ಎಂದರು ಭಾವ. "ಇದ ಮೊದಲನೇ ಸಲ ಹತ್ತಿದ್ದು, ನಾಗೂಗ ಹೇಳಬ್ಯಾಡ್ರಿ ಅಂದ್ರು. ನಾ ಯಾಕ ಹೇಳ್ಲಿ? ಶೂ ನಾ ಇಟ್ಕೋತೀನಿ ಅಂತ ಮೊದಲ ಕೇಳಿದ್ದೆ, ಅದಕ್ಕೂ ಬ್ಯಾಡ ಅಂದ್ರು. ನಾಗೂ ಹತ್ರಾನೇ ಇರ್ಲಿ, ಅವನು ಕೆಳಗ ನಿಂತು ನನ್ನ ನೋಡ್ತಿರ್ತಾನ ಅಂದ್ರು."

ಅದನ್ನೂ ಭಾವನಿಗೇ ಹೇಳಿದ್ದ.

ಹಾಗಾದರೆ ಹೆಗಲ ಮೇಲೆ ನಾನೂ ಇರಲಿಲ್ಲ, ಲತಕ್ಕನೂ ಇರಲಿಲ್ಲ. ಯಾರಿಗೂ ಸಿಗದ ಒಂದು ಸವಾರಿಗಾಗಿ ನಾನು ಆರು ವರ್ಷ ಉರಿದಿದ್ದೆ. ಇಲ್ಲದ್ದನ್ನು ಕಟ್ಟಿ ಹೇಳುವುದಿದ್ದರೆ ನನಗೂ ಒಂದು ಹೇಳಬಹುದಿತ್ತು ಎಂದು ಈಗಲೂ ಅನಿಸುತ್ತದೆ. ನಾನು ಇಸವಿ ಕೇಳುತ್ತಿದ್ದೆ, ಅದು ಬೇರೆ ಮಾತು. ಭಾವ ಹೇಳಿದ್ದು ಆರು ವರ್ಷದ ಹಿಂದಿನ ನೆನಪು, ಅದನ್ನು ಎಷ್ಟು ನಂಬಬೇಕೆಂದು ನನಗೆ ಗೊತ್ತು. ಖಾದರ್ ಅಂಕಲ್‌ನದು ಅದಕ್ಕಿಂತ ಹಳೆಯದು. ಅಪ್ಪನ ಶಾಫ್ಟಿನ ಹೆಡ್‌ಗೇರಿಗೆ ಮೆಟ್ಟಿಲಿಲ್ಲ, ಒಬ್ಬನೇ ಹತ್ತಬಹುದಾದ ಏಣಿ ಇದೆ. ಇದನ್ನು ಮಾತ್ರ ನಾನು ಕಣ್ಣಾರೆ ನೋಡಿದ್ದೇನೆ, ಕೈಯಿಂದ ಮುಟ್ಟಿದ್ದೇನೆ.